ಬೈರಮ್ಮನಿಗೆ ಒಂದು ನಿಮಿಷ ಮೌನ

ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ ಸೈಕಲ್ ಸವಾರಿಗೆ ನಾನು ಹೆಸರು ಕೊಟ್ಟಿದ್ದು ಅಮ್ಮನಿಗಾಗಿ. ಆರು ಕೀಮೋ ಮುಗಿಸಿ ಎದ್ದು ಓಡಾಡುತ್ತಿದ್ದ ಬೈರಮ್ಮನಿಗೆ ಒಂದೇ ಆಸೆ, ಸವಾರಿಗೆ ಹಸಿರು ಬಾವುಟ ತಾನೇ ಬೀಸಬೇಕು. ಸಂಘಟಕ ಭೀಮರಾಜ್ ಒಪ್ಪಿದ್ದ. ನಮ್ಮ ಕೆಂಪಾಪುರದ ಭಾವಿ ಕಾರ್ಪೊರೇಟರ್ ಅವನು. ಸೈಕಲ್ಲಿಗಿಂತ ಮೈಕಲ್ಲಿ ಹೆಚ್ಚು ದೂರ ಹೋಗುವ ಆಸಾಮಿ.

ಭಾನುವಾರ ಬೆಳಿಗ್ಗೆ ಹೋದರೆ ವೇದಿಕೆಯ ಮೇಲೆ ಹತ್ತಡಿ ಫ್ಲೆಕ್ಸ್. ಎಂಟಡಿ ಭೀಮರಾಜ್, ಮೂಲೆಯಲ್ಲಿ ಅಮ್ಮ. ಫ್ಲೆಕ್ಸ್ ಅಂಗಡಿಯವನು ವಯಸ್ಸಾದ ಹೆಂಗಸಿನ ಫೋಟೋ ಕಂಡೊಡನೆ ರೂಢಿಯಂತೆ ಹಾರ ಹಾಕಿ, ದೀಪ ಹಚ್ಚಿ, ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಅಚ್ಚು ಹಾಕಿದ್ದ.

“ಏನ್ಲಾ ಭೀಮ, ನಾನ್ ಯಾವಾಗ್ ಸತ್ತೆ?” ಅಮ್ಮ ಕೇಳಿದಳು.

ಭೀಮರಾಜ್ ಕೈಮುಗಿದ. “ಅಮ್ಮಾ, ಮೈಕಲ್ಲಿ ಅನೌನ್ಸ್ ಆಗ್ಬಿಟ್ಟಿದೆ. ಒಂದ್ ನಿಮಿಷ ಮೌನ ಮುಗಿಯೋವರ್ಗೂ ಫ್ಲೆಕ್ಸ್ ಹಿಂದೆ ನಿಂತ್ಕೊಳ್ಳಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

ಅವನದೇ ಭಾಷಣದ ದನಿ ತೆಗೆದು ನಾನು ಕೇಳಿದೆ: “ಬಂಧುಗಳೇ, ತಿಥಿ ಊಟಾನೂ ಇದ್ಯಾ?”

“ಉಪ್ಪಿಟ್ಟಿದೆ ಗುರು,” ಎಂದ, ಗಂಭೀರವಾಗಿ.

ಕ್ಯಾಮೆರಾ ತನ್ನತ್ತ ತಿರುಗಿದ ಕೂಡಲೇ ಅವನು ಕಣ್ಣು ಮುಚ್ಚಿದ. ಇನ್ನೂರು ಸವಾರರು ತಲೆ ತಗ್ಗಿಸಿದರು. ಅಮ್ಮ ಫ್ಲೆಕ್ಸ್ ಹಿಂದಿನಿಂದ ನೇರ ಬಂದು, ಮೇಜಿನ ಮೇಲಿದ್ದ ಬಾವುಟ ಎತ್ತಿಕೊಂಡಳು.

“ಓಗ್ರಪ್ಪಾ, ಇನ್ನ ಯಾರ್ಗ್ ಕಾಯ್ತಿದೀರಾ!” ಎಂದು ಬೀಸಿಯೇಬಿಟ್ಟಳು.

ನಾವು ಹೊರಟೆವು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಕ್ಯಾಮೆರಾ ಇನ್ನೂ ಭೀಮರಾಜನ ಮೇಲೇ ಇತ್ತು. ಬಾವುಟ ಬೀಸುತ್ತಿದ್ದ ಹೆಂಗಸಿನ ಪಕ್ಕದಲ್ಲೇ ನಿಂತು, ಕಣ್ಣು ಮುಚ್ಚಿ, ಅವನು ಅವಳ ಆತ್ಮಕ್ಕೆ ಶಾಂತಿ ಕೋರುತ್ತಿದ್ದ.