ಕತ್ತಲೆ ಕೊಡುವುದು ನನ್ನ ಕೆಲಸ

ನಾನು ಒಂದು ಮಂಕರಿ. ಸೊಪ್ಪು ತುಂಬುವ, ಗೊಬ್ಬರ ಹೊರುವ ಮಂಕರಿಯಲ್ಲ, ಕೋಳಿ ಮುಚ್ಚುವ ಮಂಕರಿ. ಈ ವ್ಯತ್ಯಾಸ ಮರೆತವರಿಂದಲೇ ನನಗೆ ಇಷ್ಟೆಲ್ಲ ಸಿಟ್ಟು ಬಂದದ್ದು.

ಮೇದರ ಸಿದ್ದಾಜಿ ಹಸಿ ಬಿದಿರನ್ನು ಸೀಳಿ, ಹೆರೆದು, ಮೊಣಕಾಲ ಸಂದಿಯಲ್ಲಿಟ್ಟು ನನ್ನನ್ನು ಹೆಣೆದ. "ಒತ್ತಾಗಿ ಎಣೆದಿವ್ನಿ ಕಣವ್ವ. ಮುಚ್ಚುದ್ರೆ ಒಳಗೆ ರಾತ್ರಿನೇ" ಎಂದು ಕೆಂಪಾಜಮ್ಮನ ಕೈಗಿತ್ತ. ಅವಳು ಆಗಷ್ಟೇ ಮದುವೆಯಾಗಿ ಬಂದಿದ್ದಳು. ಅವಳ ಕಂಕುಳಲ್ಲಿ ತವರಿನಿಂದ ತಾಯಿ ಕೊಟ್ಟ ಒಂದು ಕೋಳಿಯಿತ್ತು.

ಹೊತ್ತು ಮುಳುಗುತ್ತಲೇ ಅವಳು ಕೋಳಿ, ಮರಿಗಳನ್ನು ಕೂಡಿ ನನ್ನನ್ನು ಕವುಚಿ ಹಾಕುತ್ತಿದ್ದಳು. ಸ್ವಲ್ಪ ಹೊತ್ತು ಕಿಚಿಪಿಚಿ, ಆಮೇಲೆ ಸದ್ದಿಲ್ಲ. ಬೆಕ್ಕಿನಿಂದ ಕಾಯುವುದಷ್ಟೇ ನನ್ನ ಕೆಲಸವೆಂದು ಜನ ತಿಳಿದಿದ್ದರು. ಎಳೆಯ ಕಣ್ಣುಗಳಿಗೆ ದಿನವೂ ಕತ್ತಲೆ ಕೊಡುತ್ತಿದ್ದವನು ನಾನೇ ಎಂದು ಯಾರಿಗೂ ಹೊಳೆಯಲಿಲ್ಲ. ಹೀಗೆ ಆ ತವರಿನ ಕೋಳಿಯ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೆಲ್ಲ ನನ್ನ ಅಡಿಯಲ್ಲೇ ಬೆಳೆದವು.

ಹೋದ ವರ್ಷ ಆ ವಂಶದ ಒಂದೇ ಕೋಳಿ ಉಳಿದಿತ್ತು. ಅದನ್ನು ಹಾಡಹಗಲೇ ನಾಯಿ ಹಿಡಿಯಿತು. ಉಳಿದದ್ದು ಅಂದು ಬೆಳಿಗ್ಗೆಯಷ್ಟೇ ಮೊಟ್ಟೆಯೊಡೆದ ಅದರ ಹಸುಗೂಸು ಮರಿಗಳು ಮಾತ್ರ. ಕೆಂಪಾಜಮ್ಮ ನೆಲದ ಮೇಲೆ ಕುಕ್ಕರಿಸಿ ಅತ್ತಳು. "ನಮ್ಮವ್ವನ ಕೋಳಿ ಇನ್ನಿವೇ ಕನ. ಇವೂ ಹೋದ್ರೆ ಮುಗೀತು" ಎಂದಳು. ಗಂಡ ಜವರಪ್ಪ ಕಾವಿಗೆಂದು ಮರದ ಪೆಟ್ಟಿಗೆಯಲ್ಲಿ ಬಲ್ಬು ಇಳಿಬಿಟ್ಟ. ತಾಯಿಯಿಲ್ಲದ ಮರಿಗಳಿಗೆ ಕಾವು ಬೇಕಿತ್ತು, ಸರಿ.

ಆದರೆ ಬೆಳಕಿದ್ದಷ್ಟು ಹೊತ್ತೂ ಮರಿಗಳು ನುಚ್ಚು ಕುಟುಕುವುದನ್ನು ಕಂಡು ಅವನಿಗೆ ಆಸೆ ಹತ್ತಿತು. "ಬೆಳಕಿದ್ರೆ ತಿಂತವೆ, ತಿಂದ್ರೆ ಬೆಳೀತವೆ" ಎಂದು ಮರಿಗಳಿಗೆ ಪುಕ್ಕ ಬಂದ ಮೇಲೂ ಬಲ್ಬು ಆರಿಸಲೇ ಇಲ್ಲ. ನನ್ನೊಳಗೆ ಹಳೆಯ ಚಪ್ಪಲಿಗಳನ್ನು ತುಂಬಿ ಮೂಲೆಗೆ ತಳ್ಳಿದ. ಚಪ್ಪಲಿಗಳನ್ನು! ಹೋಗಲಿ, ನನ್ನ ಮಾನ ದೊಡ್ಡದಲ್ಲ. ಆ ಮರಿಗಳಿಗೆ ರೆಪ್ಪೆ ಮುಚ್ಚಿದರೂ ಹಗಲು, ತೆರೆದರೂ ಹಗಲು.

ಮರಿಗಳ ಕಣ್ಣು ದೊಡ್ಡದಾಗುತ್ತ ಬಂತು. ಜವರಪ್ಪ ಬೀಗಿದ. "ಕಣ್ ನೋಡಮ್ಮಿ, ಹೆಂಗ್ ಬಂದವೆ! ನಮ್ ಕೋಳಿಗೆ ಇಂಥ ಕಣ್ಣು ಯಾವತ್ತಾರ ಇತ್ತಾ?" ಅಕ್ಕಪಕ್ಕದವರೂ ಬಂದು ನೋಡಿ ಹೊಗಳಿದರು. ಮರಿಗಳು ಕಾಳಿನ ಪಕ್ಕದ ನೆಲ ಕುಟುಕುತ್ತಿದ್ದುದನ್ನು ಮೂಲೆಯಿಂದ ನಾನು ನೋಡುತ್ತಲೇ ಇದ್ದೆ. ಕೂಗಲು ನನಗೆಲ್ಲಿಯ ಬಾಯಿ?

ಕೆಂಪಾಜಮ್ಮನಿಗೂ ಅದು ಕಂಡಿತು. ಎಮ್ಮೆಗೆ ಲಸಿಕೆ ಹಾಕಲು ಬಂದ ಡಾಕ್ಟರಮ್ಮನಿಗೆ ಒಂದು ಮರಿ ಹಿಡಿದು ತೋರಿಸಿದಳು.

"ಲೈಟು ಆರಿಸೋದೇ ಇಲ್ವಾ?" ಎಂದು ಡಾಕ್ಟರಮ್ಮ ಕೇಳಿದರು.

"ಯಾಕ್ ಆರಿಸ್ಬೇಕು?" ಎಂದ ಜವರಪ್ಪ.

"ಮರಿಗಳ ಕಣ್ಣು ಅಳತೆ ತಪ್ಪದೆ ಬೆಳೀಬೇಕಾದ್ರೆ ದಿನಾ ಕತ್ತಲೆ ಬೇಕು. ಸಿಗದಿದ್ರೆ ಗುಡ್ಡೆ ದೊಡ್ಡದಾಗುತ್ತೆ, ಮುಂಭಾಗ ಚಪ್ಪಟೆ ಆಗುತ್ತೆ. ಹತ್ತಿರದ್ದು ಸರಿಯಾಗಿ ಕಾಣಲ್ಲ. ಇದು ಅಂದ ಅಲ್ಲ ಕಣ್ರೀ, ಕಾಯಿಲೆ. ಇವತ್ತಿಂದ್ಲೇ ಕತ್ತಲೆ ಕೊಡಿ, ಸ್ವಲ್ಪ ಸುಧಾರಿಸಬಹುದು."

ಕೆಂಪಾಜಮ್ಮ ಗಂಡನ ಕಡೆ ತಿರುಗಿದಳು. "ನಾಯಿ ಒಂದ್ ತಿಂತು. ನಾವು ಎಲ್ಲಾವ್ನೂ ತಿಂದ್ಬುಟ್ಟೊ." ಅವಳು ಚಪ್ಪಲಿಗಳನ್ನು ಅಂಗಳಕ್ಕೆ ಸುರಿದು, ಸೆರಗಿನಿಂದ ನನ್ನನ್ನು ಒರೆಸಿ, ಆ ಸಂಜೆಯೇ ಮರಿಗಳ ಮೇಲೆ ಕವುಚಿದಳು. ಎಷ್ಟೋ ಹೊತ್ತು ಅವು ಹೆದರಿ ಕಿರುಚಿದವು. ಹುಟ್ಟಿದ ಮೇಲೆ ಅವು ಕತ್ತಲೆಯನ್ನೇ ಕಂಡಿರಲಿಲ್ಲ.

ಕಾಳು ಕೊಕ್ಕಿಗೆ ಸಿಗದೆ ಬಡಕಲಾದವು ಒಂದೊಂದಾಗಿ ಸತ್ತವು. ಉಳಿದದ್ದು ಒಂದೇ ಹೆಣ್ಣು. ಅದರ ಕಣ್ಣು ದೊಡ್ಡದಾಗಿಯೇ ಉಳಿಯಿತು. ಅದು ಬೆಳೆದು ಪಕ್ಕದ ಮನೆಯ ಹುಂಜದ ಜೊತೆ ಸೇರಿತು.

ಈಗ ನನ್ನ ಅಂಚು ಮುರಿದಿದೆ, ಬಿದಿರು ಪುಡಿಯಾಗುತ್ತಿದೆ. ಕವುಚಲು ಬಾರದ ನನ್ನನ್ನು ಕೆಂಪಾಜಮ್ಮ ಅಂಗಾತ ಇಟ್ಟು, ಹುಲ್ಲು ಹಾಸಿ, ಆ ಕೋಳಿಯನ್ನು ಕಾವಿಗೆ ಕೂರಿಸಿದಳು. ಮೊಟ್ಟೆಗಳು ನನ್ನ ಮಡಿಲಲ್ಲೇ ಒಡೆದವು. ಮೊನ್ನೆ ತಾಯಿ ಕೋಳಿ ಕೊಕ್ ಕೊಕ್ ಎಂದು ಮರಿಗಳನ್ನು ಕರೆದು, ಇಲ್ಲಿದೆ ತಿನ್ನಿ ಎಂದು ಕುಟುಕಿ ತೋರಿಸಿತು. ಕುಟುಕಿದ್ದು ಕಾಳಿನ ಪಕ್ಕದ ಬರಿ ನೆಲವನ್ನು. ಮರಿಗಳು ಓಡಿಬಂದು ನೇರ ಕಾಳನ್ನೇ ಎತ್ತಿಕೊಂಡವು.

ಕೆಂಪಾಜಮ್ಮ ನಕ್ಕಳು. ಜವರಪ್ಪ ಸಿದ್ದಾಜಿಯ ಮನೆಗೆ ಹೊಸ ಮಂಕರಿ ತರಲು ಹೊರಟ. ನನಗೆ ಮಾತ್ರ ಇನ್ನೂ ಸಿಟ್ಟು ಇಳಿದಿಲ್ಲ. ಆ ತಾಯಿ ಈಗಲೂ ನೆಲವನ್ನೇ ಕುಟುಕುತ್ತಿದೆ.