ನಮ್ಮ ಭಾವನ ಫಾಸ್ಟು

ನಮ್ಮ ಭಾವನ ನಡಿಗೆಯಲ್ಲಿ ಆಲೋಚನಾಮಗ್ನ ಆನೆಯ ಗಾಂಭೀರ್ಯವಿತ್ತು; ಬಟ್ಟೆಗೆ ಬಣ್ಣ ಹಾಕುವ ತೊಟ್ಟಿಯಿಂದ ಒಣಹಾಕುವ ಹಗ್ಗದವರೆಗೆ ಅವರು ಸಾಗುವಷ್ಟರಲ್ಲಿ ಕೈಯಲ್ಲಿದ್ದ ಬಟ್ಟೆ ಅರ್ಧ ಒಣಗಿರುತ್ತಿತ್ತು. ಮೊಣಕೈವರೆಗೆ ನೀಲಿ, ಒಂದು ಕಾಲಕ್ಕೆ ಬಿಳಿಯದಾಗಿತ್ತೆಂದು ಯಾರೂ ಆಣೆಯಿಟ್ಟು ಹೇಳಲಾರದ ಕೋಟು, ಯಾವ ಪ್ರಶ್ನೆಗೂ ಮೊದಲು “ನೋಡೋಣ” ಎಂಬ ಪೀಠಿಕೆ. ಅವರನ್ನು ಕಟ್ಟಿಕೊಂಡ ನಮ್ಮಕ್ಕ ಅವಸರವೆಂಬುದನ್ನೇ ಮರೆತಿದ್ದಳು. ಬಟ್ಟೆ ಮಾರುವ ನನಗೆ ಮಾತ್ರ ಅವರ ಕೈಯ ಬಣ್ಣವೆಂದರೆ ಪ್ರಾಣ: ಒಗೆದೊಗೆದು ನೂಲು ಸವೆದೀತು, ಬಣ್ಣ ಕದಲದು.

ಕೆಲಸವಿಲ್ಲದೆ ತೊಟ್ಟಿಗಳು ಬತ್ತುತ್ತಿದ್ದ ಕಾಲ. ದೊಡ್ಡ ಹೋಟೆಲೊಂದರ ಪರದೆಗಳಿಗೆಲ್ಲ ಬಣ್ಣ ಹಾಕಿಸಬೇಕೆಂದಿದ್ದ ಪರಭಾಷೆಯ ಗಿರಾಕಿಯೊಬ್ಬರನ್ನು ಪುಸಲಾಯಿಸಿ ಕರೆತಂದೆ. ಇವರೂ ಕೈತಪ್ಪಿದರೆ ಭಾವನ ಬಣ್ಣದ ಮನೆಗೆ ಬೀಗವೇ ಗತಿ. ನಾನು ಚಹಾ ಹೇಳಿ ಬರುವಷ್ಟರಲ್ಲಿ ಗಿರಾಕಿ ಮೆಟ್ಟಿಲಿಳಿದು ಹೊರಟಿದ್ದಾರೆ, ಭಾವ ಸತ್ಯಸಂಧತೆಯ ಪ್ರತಿಮೆಯಂತೆ ನಿಂತಿದ್ದಾರೆ.

“ಏನಾಯ್ತು ಭಾವ?”

“ಯುವರ್ ಕಲರ್ ಫಾಸ್ಟಾ ಅಂದ್ರು. ಸುಳ್ಳು ಯಾಕೆ ಹೇಳ್ಲಿ? ನೋ ಸಾರ್, ವೆರಿ ಸ್ಲೋ ಅಂದೆ.”

“ಅಯ್ಯೋ ಪುಣ್ಯಾತ್ಮ! ಬಣ್ಣಕ್ಕೆ ಫಾಸ್ಟ್ ಅಂದ್ರೆ ಬಿಡದೆ ಗಟ್ಟಿಯಾಗಿ ಕೂತಿರೋದು!”

“ಓಡೋದಕ್ಕೂ ಫಾಸ್ಟು, ಕೂತಿರೋದಕ್ಕೂ ಫಾಸ್ಟಾ?”

“ಎರಡಕ್ಕೂ!”

“ಹಾಗಾದ್ರೆ ನಾನು ಹುಟ್ಟಾ ಫಾಸ್ಟು ಕಣಯ್ಯಾ!”

ಅಂದು ಅವರು “ನೋಡೋಣ” ಎನ್ನಲಿಲ್ಲ. ಬಾಲ್ದಿಯ ತಿಳಿನೀರಿನಲ್ಲಿ ನೆನೆದಿದ್ದ ಕಡುನೀಲಿ ಬಟ್ಟೆಯನ್ನು ಸೆಳೆದುಕೊಂಡು, ಕೋಟಿನ ಅಂಚು ರೆಕ್ಕೆಯಾಗಿ ಹಾರುತ್ತಿರಲು, ನಮ್ಮ ಭಾವ ನಡುಬೀದಿಯಲ್ಲಿ ಓಡಿದರು! ಹೊರಡಲಿದ್ದ ಕಾರಿನ ಬಾಗಿಲು ಹಿಡಿದು, ಗಿರಾಕಿ ಬೇಡವೆನ್ನುವ ಮುನ್ನವೇ ಅವರ ಹಾಲುಬಿಳುಪಿನ ಅಂಗಿಯ ತೋಳಿಗೆ ಆ ಒದ್ದೆ ಬಟ್ಟೆಯನ್ನು ಉಜ್ಜಿಯೇ ಉಜ್ಜಿದರು. ಹಿಂದೆ ಓಡಿಬಂದಿದ್ದ ನಾನು ಬಗ್ಗಿ ನೋಡಿದೆ. ತೋಳೇನೋ ತೊಯ್ದು ತೊಪ್ಪೆಯಾಯಿತು, ನೀಲಿಯ ಸುಳಿವಿಲ್ಲ.

“ಫಾಸ್ಟ್ ಸಾರ್! ನಾನು ಸ್ಲೋ, ಕಲರ್ ಫಾಸ್ಟ್!”

ಗಿರಾಕಿ ತೋಳನ್ನೊಮ್ಮೆ, ಏದುಸಿರು ಬಿಡುತ್ತಿದ್ದ ಭಾವನನ್ನೊಮ್ಮೆ ನೋಡಿ ಗಹಗಹಿಸಿ ನಕ್ಕು, ಆರಿಹೋದ ಚಹಾ ಕುಡಿಯಲು ಮತ್ತೆ ಮೆಟ್ಟಿಲೇರಿದರು. ಪರದೆಗಳೂ ಬಂದವು.

ಆಮೇಲೆ ಆ ಪದಕ್ಕೆ ನಮ್ಮ ಮನೆಯಲ್ಲಿ ಪುರುಸೊತ್ತೇ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಗಾಢನಿದ್ರೆಗೂ ಅದೇ ಮಾತು ಸಲ್ಲುತ್ತದೆಂದು ನಾನು ಹೇಳಿದಾಗ ಭಾವ ಹಿಗ್ಗಿಹೋದರು. ಉಪವಾಸಕ್ಕೂ ಅದೇ ಎಂದಾಗ ತುಸು ಪೆಚ್ಚಾದರು.

“ಅದೊಂದು ಫಾಸ್ಟು ಇವರ ಕೈಲಿ ಆಗಲ್ಲ ಬಿಡು,” ಎಂದಳು ಅಕ್ಕ ಅಡುಗೆಮನೆಯಿಂದಲೇ.

ಚುರುಕು ಜನರನ್ನು ವ್ಯಾಪಾರದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಮೊದಲ ಒಗೆತಕ್ಕೇ ಅವರ ಬಣ್ಣ ಬಯಲು. ಭಾವನಂಥವರಿಗೆ ಹಿಡಿಯುವುದು ತಡ, ಹಿಡಿದ ಮೇಲೆ ಬಿಡುವುದು ಗೊತ್ತಿಲ್ಲ. ಕೈಬಿಟ್ಟು ಹೋಗುವುದೇನಾದರೂ ಕಣ್ಣೆದುರಿಗಿದ್ದರೆ ಮಾತ್ರ, ಭಾವನ ಹಿಂದೆ ಓಡಿ ಅವರನ್ನು ಮುಟ್ಟುವುದು ಚುರುಕಿನವರಿಗೂ ಸಾಧ್ಯವಿಲ್ಲ.