ಕಣ್ಣಾರೆ ಕಂಡ ಕೊಂಬೆ

ಟೈಲರ್ ಹೆಂಡತಿ ಕಟಕಟೆ ಹತ್ತಿ, ಹಸಿ ಸುಳ್ಳು ಹೇಳಿ ಇಳಿದಳು. ಪಕ್ಕದ ಮನೆಯ ಮರದ ಕೊಂಬೆ ಮುರಿದು ತಮ್ಮ ಹೊಲಿಗೆ ಕೋಣೆಯ ಶೀಟಿನ ಮೇಲೆ ಬಿದ್ದದ್ದನ್ನು ಕಣ್ಣಾರೆ ಕಂಡೆ ಎಂದಳು. ಅವಳು ಕಂಡದ್ದೇ ಬೇರೆ. ಟ್ಯಾಂಕ್ ತೊಳೆಯಲು ಹತ್ತಿದ ಗಂಡ ಶೀಟಿನ ಮೇಲೆ ಕಾಲಿಟ್ಟು ಒಡೆದಿದ್ದ. ಆಮೇಲೆ ಎಲ್ಲಿಂದಲೋ ಒಣಕೊಂಬೆ ಎಳೆತಂದು ತೂತಿನ ಮೇಲಿಟ್ಟು ಫೋಟೋ ತೆಗೆದಿದ್ದ. ಅಂಗಳದಲ್ಲಿ ಎಲೆ ಬೀಳುತ್ತದೆಂದು ಆ ಮರ ಕಂಡರೆ ಅವನಿಗೆ ಉರಿ; ಅದನ್ನು ಕಡಿಸಲೆಂದೇ ಈ ಕೇಸು. ಗುಡಿಸುತ್ತಿದ್ದವಳು ಮಾತ್ರ ಇವಳು. ಮಹಾರಾಯ ಒಂದು ದಿನ ಪೊರಕೆ ಮುಟ್ಟಿದವನಲ್ಲ.

ಕೋರ್ಟು ಮುಗಿದ ಮೇಲೆ ಗಂಡ ವಕೀಲರ ಬೈಕ್ ಹತ್ತಿ ಹೋದ. ಇವಳು ಬಸ್ ಹತ್ತಿದಳು. ಕಿಕ್ಕಿರಿದ ಜನದ ನಡುವೆ ಯಾರೋ ಕೈ ಬೀಸಿ ಕರೆದರು. ನೋಡಿದರೆ ಮರದ ಒಡತಿ, ಆಸ್ಪತ್ರೆಯಿಂದ ರಿಟೈರಾದ ನರ್ಸಕ್ಕ. ಕೇಸಿನಲ್ಲಿ ಎದುರಾಳಿಗಳಾದರೇನು, ಇಳಿಯುವ ಸ್ಟಾಪು ಒಂದೇ. ಪಕ್ಕದಲ್ಲಿ ಬ್ಯಾಗಿಟ್ಟು ಇವಳಿಗೆಂದೇ ಸೀಟು ಹಿಡಿದಿದ್ದರು. ಕಾಣದವಳಂತೆ ನಿಂತುಬಿಡೋಣವೆಂದರೆ ಹಿಂದಿನವರು ನೂಕಿದರು. ವಿಧಿಯಿಲ್ಲದೆ ಕೂತಳು.

"ನಿನ್ನ ಗಂಡ ಹೇಳಿದಾಗ ನಾನು ನಂಬಿರ್ಲಿಲ್ಲ ಕಣಮ್ಮ," ಎಂದರು ನರ್ಸಕ್ಕ. "ಕತೆ ಕಟ್ತಿದಾನೆ ಅಂತ ಹಟಕ್ಕೆ ಬಿದ್ದು ಕೇಸು ನಡೆಸಿದೆ. ಇವತ್ತು ನೀನೇ ಹೇಳಿದ್ಮೇಲೆ ಎದೆ ಧಸಕ್ ಅಂತು. ದಿನಾ ಅಲ್ಲೇ ಗುಂಡಿ ಹಾಕ್ತಾ ಕೂತಿರ್ತೀಯ, ನಿನ್ನ ತಲೆ ಮೇಲೆ ಬಿದ್ದಿದ್ರೆ? ತೀರ್ಪು ಯಾಕೆ ಕಾಯ್ಬೇಕು, ನಾಳೆನೇ ಕಡಿಸಿಬಿಡ್ತೀನಿ."

ನಾಚಿಕೆಯಿಂದ ಅವಳ ಮೈ ಹಿಡಿಯಷ್ಟಾಯಿತು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಈ ನಂಬಿಕೆಯನ್ನು ಎಲ್ಲಿಟ್ಟುಕೊಳ್ಳುವುದು?

ಅಷ್ಟರಲ್ಲಿ ನರ್ಸಕ್ಕ ಮರ ಕಡಿಯುವವನಿಗೆ ಫೋನ್ ಮಾಡಿಯೂ ಆಗಿತ್ತು. "ಯಾವ ಕಡೆ ಕೊಂಬೆ ಮುರಿದಿದ್ದು ಅಂತ ಕೇಳ್ತಿದಾನೆ. ನೋಡಿದವಳು ನೀನು, ನೀನೇ ಹೇಳು," ಎಂದು ಫೋನನ್ನು ಇವಳ ಕೈಗಿತ್ತರು.

"ಯಾವ ಕೊಂಬೆ ಅಮ್ಮಾ?" ಎಂದಿತು ಆ ಕಡೆಯ ದನಿ.

ನರ್ಸಕ್ಕನ ಮುಖ ನೋಡಿ ಹೇಳುವ ಧೈರ್ಯ ಅವಳಿಗೆ ಏಳು ಜನ್ಮಕ್ಕೂ ಬರುತ್ತಿರಲಿಲ್ಲ. ಗುರುತಿಲ್ಲದ ಆ ಮನುಷ್ಯನಿಗೆ ಹೇಳಿದಳು.

"ಯಾವ ಕೊಂಬೆನೂ ಮುರಿದಿಲ್ಲ ಅಣ್ಣ. ಶೀಟು ಒಡೆದಿದ್ದು ನಮ್ಮನೆಯವರು. ನಾನು ಸುಳ್ಳು ಹೇಳಿದೆ. ಮರ ಕಡೀಬೇಡಿ."

ನರ್ಸಕ್ಕ ಫೋನು ವಾಪಸು ತೆಗೆದುಕೊಂಡು, ಒತ್ತಿ ಕೂತಿದ್ದ ಭುಜವನ್ನು ಸರಿಸಿಕೊಂಡರು.

"ಜಡ್ಜ್ ಮುಂದೆ ಹೋಗಿ ಹೇಳ್ತೀನಿ ಅಕ್ಕಾ," ಎಂದಳು ಇವಳು, ತಲೆ ತಗ್ಗಿಸಿಯೇ.

"ಇದೂ ನಿಜಾನೋ ಸುಳ್ಳೋ, ನಂಗಿನ್ನು ಹೇಗಮ್ಮ ಗೊತ್ತಾಗ್ಬೇಕು," ಎಂದು ನರ್ಸಕ್ಕ ಕಿಟಕಿ ಕಡೆ ತಿರುಗಿದರು.